ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತೆ ಅಂದ ಮಾತ್ರಕ್ಕೆ ಕಾಯಿಲ್ ಹೋಗಿದೆ ಅಂತಲ್ಲ

ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಯಾರೋ ಕೀ ತಿರುಗಿಸಿದ ಹಾಗೆ ಟಪ್ಪಂತ ನಿಲ್ಲುವುದು, ಇಪ್ಪತ್ತು ನಿಮಿಷ ಬಿಟ್ಟು ಒದ್ದರೆ ಏನೂ ಆಗೇ ಇಲ್ಲವೇನೋ ಎಂಬಂತೆ ಒಂದೇ ಕಿಕ್ಕಿಗೆ ಎದ್ದುಕೊಳ್ಳುವುದು. ನಿಮ್ಮ 1996ರ ಬುಲೆಟ್ 350 ಈಗ ಮಾಡುತ್ತಿರುವುದನ್ನೇ ನನ್ನ 1993ರ ಗಾಡಿ ಮೂರು ತಿಂಗಳು ಮಾಡಿತು. ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಸುರುಳಿ) ಬದಲಿಸಲೋ, ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್) ಕಿತ್ತುಹಾಕಿ ಅದರ ಬದಲು ಎಲೆಕ್ಟ್ರಾನಿಕ್ ಕಿಟ್ ಕೂರಿಸಲೋ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. 'ಬಿಸಿಯಾದಾಗ ನಿಲ್ಲುತ್ತೆ' ಅಂತ ಬರೆದಿದ್ದೀರಲ್ಲ, ಅದು ನೀವು ಕಣ್ಣಾರೆ ಕಂಡದ್ದಲ್ಲ, ಊಹೆ. ನೀವು ಕಂಡದ್ದು ಇಷ್ಟೇ: ಓಡಿದ ಮೇಲೆ ನಿಂತಿತು, ನಿಲ್ಲಿಸಿಟ್ಟ ಮೇಲೆ ಹೊರಟಿತು. ನಡುವೆ ಗಾಡಿ ತಣ್ಣಗಾಯಿತು ನಿಜ. ಆದರೆ ಆ ಹೊತ್ತಿನಲ್ಲಿ ಬೇರೆ ಏನೇನಾಯಿತು ಅನ್ನೋದನ್ನೂ ನೋಡಬೇಕು.

ನನ್ನದು ಮೊದಲ ಸಲ ನಿಂತದ್ದು ಚಾರ್ಮಾಡಿ ಘಾಟಿ ಹತ್ತುವಾಗ, ಬಲಕ್ಕೆ ತಿರುಗುವ ಒಂದು ಹೇರ್‌ಪಿನ್‌ನಲ್ಲಿ. ಏರು ದಾರಿ, ಎರಡನೇ ಗೇರು, ಎಂಜಿನ್ ಕೆಂಡದ ಹಾಗೆ ಬಿಸಿ. ಸೈಡ್‌ಸ್ಟ್ಯಾಂಡ್ ಹಾಕಿ ಹಾರ್ನ್ ಒತ್ತಿದೆ, ಜೋರಾಗಿ ಬಾರಿಸಿತು. ಬ್ಯಾಟರಿ ಸರಿ ಇದೆ, ಕರೆಂಟು ಇದೆ, ಹಾಗಾದರೆ ಬಿಸಿಗೆ ಕಾಯಿಲ್ಲೋ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ರೋ ಸತ್ತಿದೆ ಅಂತ ಅಲ್ಲೇ ತೀರ್ಮಾನ ಮಾಡಿದೆ. ಇಪ್ಪತ್ತು ನಿಮಿಷ ಬಿಟ್ಟು ಒದ್ದಾಗ ಸ್ಟಾರ್ಟ್ ಆದದ್ದು ಆ ತೀರ್ಮಾನಕ್ಕೆ ಮುದ್ರೆ ಒತ್ತಿತು.

ಮುಂದಿನ ಭಾನುವಾರ ಮಾಡಿದ್ದೇ ದೊಡ್ಡ ತಪ್ಪು. ಕಾಯಿಲ್, ಕಂಡೆನ್ಸರ್, ಪಾಯಿಂಟ್ ಸೆಟ್, ಪ್ಲಗ್ ನಾಲ್ಕನ್ನೂ ಒಂದೇ ದಿನ ಬದಲಿಸಿದೆ. ಕಾಯಿಲ್ ತಲುಪಲು ಟ್ಯಾಂಕ್ ಇಳಿಸಿದೆ, ಟ್ಯಾಂಕ್ ಇಳಿಸುವಾಗ ಅದರಡಿಯ ವೈರಿಂಗ್ ಕಟ್ಟನ್ನು ಆಚೆ ಈಚೆ ಸರಿಸಿದೆ. ಗಾಡಿ ಐದು ವಾರ ಒಂದು ಚೂರೂ ತಕರಾರಿಲ್ಲದೆ ಓಡಿತು. ಹೊಸ ಕಾಯಿಲ್ ವಾಸಿ ಮಾಡಿತು ಅಂತ ನಂಬಿದೆ. ಅಸಲಿಗೆ ವಾಸಿ ಮಾಡಿದ್ದು ಕಾಯಿಲ್ ಅಲ್ಲ. ಸರಿಸುವಾಗ ಒಳಗೆ ತುಂಡಾಗಿದ್ದ ವೈರಿನ ಎರಡು ತುದಿಗಳು ಒಂದಕ್ಕೊಂದು ತಾಗಿ ಕೂತಿದ್ದವು, ಅಷ್ಟೇ. ಐದು ವಾರದ ನಡುಕಕ್ಕೆ ಮತ್ತೆ ಸರಿದವು, ಗಾಡಿ ಮತ್ತೆ ನಿಂತಿತು. ಈಗ ಮಾತ್ರ ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟದಾಗಿತ್ತು: ಕಾಯಿಲ್ ಹೊಸದು, ಕಂಡೆನ್ಸರ್ ಹೊಸದು, ಆದ್ದರಿಂದ ಇಗ್ನಿಷನ್ ಸರಿ ಇದೆ ಅಂತ ಕಾರ್ಬುರೇಟರ್ ಬಿಚ್ಚಲು ಶುರು ಮಾಡಿದೆ. ಜೆಟ್ ತೊಳೆದೆ, ಫ್ಲೋಟ್ ಮಟ್ಟ ಅಳೆದೆ, ಪೆಟ್ರೋಲ್ ಟ್ಯಾಪ್ ಬದಲಿಸಿದೆ. ಹುತ್ತ ಬಡಿಯುತ್ತಾ ಕೂತೆ, ಹಾವು ಬೇರೆ ಕಡೆ ಇತ್ತು.

ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಆಗೊಮ್ಮೆ ಈಗೊಮ್ಮೆ ಬರುವ ತೊಂದರೆಯಲ್ಲಿ ಪಾರ್ಟು ಬದಲಿಸುವುದು ಪರೀಕ್ಷೆಯೇ ಅಲ್ಲ. ಒಂದು ಪಾರ್ಟು ಬಿಚ್ಚುವಾಗ ಅದರ ಸುತ್ತಲಿನ ನಾಲ್ಕು ಕನೆಕ್ಷನ್ ಅಲುಗಾಡುತ್ತವೆ. ತೊಂದರೆ ಹೋದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ, ವಾಪಸ್ ಬಂದರೆ ಯಾವುದನ್ನು ಪಟ್ಟಿಯಿಂದ ಹೊಡೆದುಹಾಕಬಹುದು ಅಂತಲೂ ಗೊತ್ತಾಗುವುದಿಲ್ಲ. ಹೊಸ ಪಾರ್ಟು ಅಂದರೆ ಒಳ್ಳೆಯ ಪಾರ್ಟು ಅಂತಲೂ ಅಲ್ಲ. ಈಗ ಸಿಗುವ ಕಂಡೆನ್ಸರ್‌ಗಳಲ್ಲಿ ಪೊಟ್ಟಣದಿಂದ ತೆಗೆದಾಗಲೇ ಕೆಟ್ಟಿರುವವು ನನ್ನ ಕೈಗೇ ಬಂದಿವೆ. ಓಡುತ್ತಿದ್ದ ಹಳೆಯದನ್ನು ಎಸೆಯಬೇಡಿ, ಬೇರೆಯವನ್ನು ಪರೀಕ್ಷಿಸಲು ಅದೇ ನಿಮ್ಮ ಅಳತೆಗೋಲು.

ಹುಳುಕು ಕಂಡದ್ದು ಒಂದು ರಾತ್ರಿ. ಆ ಸಲ ಸೈಡ್‌ಸ್ಟ್ಯಾಂಡ್ ಹಾಕದೆ ಮೇನ್‌ಸ್ಟ್ಯಾಂಡ್ ಹಾಕಿ ಬಿಟ್ಟಿದ್ದೆ, ಹ್ಯಾಂಡಲ್ ನೇರವಾಗಿತ್ತು. ಒಂದು ಗಂಟೆ ಬಿಟ್ಟು ಸಿಲಿಂಡರ್ ಮೇಲೆ ಅಂಗೈ ಇಟ್ಟರೂ ಸುಡದಷ್ಟು ಆರಿತ್ತು, ಆದರೂ ಸ್ಟಾರ್ಟ್ ಇಲ್ಲ. ಕೀ ಆನ್ ಇಟ್ಟು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಒತ್ತಿ ಕಿಕ್ಕನ್ನು ಮೆಲ್ಲಗೆ ಕೆಳಗೆ ತಳ್ಳಿದೆ. ಕರೆಂಟು ಅಳೆದು ತೋರಿಸುವ ಆಮ್ಮೀಟರ್ ಮುಳ್ಳು ಸೊನ್ನೆಯಲ್ಲೇ ಸತ್ತು ಬಿದ್ದಿತ್ತು. ಪಕ್ಕಕ್ಕೆ ಸರಿಯಲು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ. ಮುಳ್ಳು ಟಕ್ಕಂತ ಮೈನಸ್ ಕಡೆಗೆ ಹಾರಿತು. ನೇರ ಮಾಡಿದೆ, ಸೊನ್ನೆ. ಎಡಕ್ಕೆ, ಮೈನಸ್. ಮೂರು ತಿಂಗಳು ಗಾಡಿಯನ್ನು ಎಬ್ಬಿಸುತ್ತಿದ್ದದ್ದು ತಂಪಲ್ಲ, ಸೈಡ್‌ಸ್ಟ್ಯಾಂಡ್ ಹಾಕಿದಾಗ ಎಡಕ್ಕೆ ವಾಲಿಕೊಳ್ಳುವ ಹ್ಯಾಂಡಲ್.

ಆ ಮುಳ್ಳು ಹೇಗೆ ಮಾತಾಡುತ್ತೆ ಅಂತ ಹೇಳುತ್ತೇನೆ, ಪಾಯಿಂಟ್ ಇರುವ ಬುಲೆಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎಲ್ಲಾ ಲೈಟ್ ಆಫ್ ಮಾಡಿ, ಕೀ ಆನ್ ಮಾಡಿ, ಕಿಕ್ಕನ್ನು ಕೈಯಿಂದ ನಿಧಾನ ಒತ್ತುತ್ತಾ ಹೋಗಿ. ಪಾಯಿಂಟ್ ಮುಚ್ಚಿದಾಗ ಕಾಯಿಲ್ ಮೂರ್ನಾಲ್ಕು ಆಂಪಿಯರ್ ಎಳೆಯುತ್ತೆ, ಮುಳ್ಳು ಮೈನಸ್ಸಿಗೆ ಹೋಗುತ್ತೆ. ಪಾಯಿಂಟ್ ತೆರೆದಾಗ ಸೊನ್ನೆಗೆ ಬರುತ್ತೆ. ಮುಳ್ಳು ಅಲುಗದೇ ಇದ್ದರೆ ಬ್ಯಾಟರಿಯಿಂದ ಪಾಯಿಂಟ್‌ವರೆಗಿನ ದಾರಿ ಎಲ್ಲೋ ಕಡಿದಿದೆ, ಇಲ್ಲವೇ ಪಾಯಿಂಟ್ ಮುಖದ ಮೇಲೆ ಎಣ್ಣೆ, ಕೊಳೆ ಕೂತಿದೆ. ಮುಳ್ಳು ಮೈನಸ್ಸಿನಲ್ಲೇ ಅಂಟಿಕೊಂಡರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ, ಅಥವಾ ಪಾಯಿಂಟ್ ಸ್ಪ್ರಿಂಗ್ ಹಿಡಿಯುವ ಕಡ್ಡಿಯ ಇನ್ಸುಲೇಷನ್ ವಾಷರ್ ತಪ್ಪಾಗಿ ಕೂತು ಬಾಡಿಗೆ ತಾಗಿದೆ. ಹೊಸ ಪಾಯಿಂಟ್ ಹಾಕಿದ ಮರುದಿನವೇ ಕಾಟ ಶುರುವಾದರೆ ಮೊದಲು ಆ ವಾಷರ್ ನೋಡಿ. ಮುಳ್ಳು ಸರಿಯಾಗಿ ಕುಣಿಯುತ್ತಿದ್ದರೂ ಪ್ಲಗ್ಗಿನಲ್ಲಿ ಕಿಡಿ ಇಲ್ಲ ಅಂದರೆ ಆಗ ಮಾತ್ರ ಕಾಯಿಲ್, ಕಂಡೆನ್ಸರ್, ಪ್ಲಗ್ ವೈರು, ಕ್ಯಾಪ್ ಕಡೆ ಹೋಗಿ.

ಒಂದೇ ಷರತ್ತು: ಇದನ್ನು ಗಾಡಿ ಸತ್ತಿರುವಾಗಲೇ ಮಾಡಬೇಕು. ನಿಂತ ಕೂಡಲೇ, ಹ್ಯಾಂಡಲ್ ಮುಟ್ಟದೆ, ಸೈಡ್‌ಸ್ಟ್ಯಾಂಡ್ ಹಾಕದೆ. ರಸ್ತೆ ಬದಿಗೆ ಸರಿಸಲೇಬೇಕಾದರೆ ಹ್ಯಾಂಡಲ್ ಆದಷ್ಟು ನೇರ ಇರಲಿ, ಮೇನ್‌ಸ್ಟ್ಯಾಂಡ್ ಹಾಕಿ. ಎದ್ದ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಎಂಥ ಮೆಕ್ಯಾನಿಕ್ಕಾದರೂ ಊಹೆಯನ್ನೇ ಮಾಡಬೇಕು.

ರಸ್ತೆ ಮಧ್ಯೆ ಅಷ್ಟು ಸಮಾಧಾನ ಇರುವುದಿಲ್ಲ ಅಂದರೆ ಈ ವಾರವೇ ಇನ್ನೊಂದು ಕೆಲಸ ಮಾಡಿ. 12 ವೋಲ್ಟಿನ 2 ಅಥವಾ 3 ವ್ಯಾಟಿನ ಮೀಟರ್ ಬಲ್ಬು, ಹೋಲ್ಡರ್, ಎರಡು ಮೀಟರ್ ತೆಳು ವೈರು ತನ್ನಿ. ಒಂದು ತುದಿ ಕಾಯಿಲ್ಲಿನ ಸ್ವಿಚ್ ಕಡೆಯ ಟರ್ಮಿನಲ್ಲಿಗೆ, ಅಂದರೆ ಕೀಯಿಂದ ಕರೆಂಟು ಬರುವ ಕಡೆಗೆ. ಪಾಯಿಂಟ್ ಕಡೆಯ ಟರ್ಮಿನಲ್ಲಿಗಲ್ಲ, ಅಲ್ಲಿ ಹಾಕಿದರೆ ಏನೂ ತಿಳಿಯುವುದಿಲ್ಲ. ಇನ್ನೊಂದು ತುದಿ ಬ್ಯಾಟರಿ ನೆಗೆಟಿವ್‌ಗೆ. ಬಲ್ಬನ್ನು ಸ್ಪೀಡೋಮೀಟರ್ ಪಕ್ಕ ಟೇಪಿನಿಂದ ಅಂಟಿಸಿ, ಬಿಸಿಲಿನಲ್ಲೂ ಕಾಣುವ ಹಾಗೆ ಕಪ್ಪು ಟೇಪಿನ ಸಣ್ಣ ಕೊಳವೆ ಸುತ್ತಿ, ವೈರನ್ನು ಸಡಿಲ ಬಿಡಿ. ಇನ್ನು ಎಂದಿನಂತೆ ಓಡಿಸಿ. ಎಂಜಿನ್ ನಿಂತಾಗ ಬಲ್ಬೂ ಆರಿದರೆ ಅಥವಾ ಮಂಕಾದರೆ ಕಾಯಿಲ್ಲಿಗೆ ಕರೆಂಟೇ ತಲುಪುತ್ತಿಲ್ಲ. ಬಲ್ಬು ಉರಿಯುತ್ತಲೇ ಇದ್ದರೆ ತೊಂದರೆ ಕಾಯಿಲ್ಲಿನಲ್ಲೋ ಅದರಿಂದ ಮುಂದೋ ಇದೆ. ನಿಮ್ಮ ಹುಡುಕಾಟ ಒಂದೇ ಏಟಿಗೆ ಅರ್ಧ ಆಯಿತು.

ಬಲ್ಬು ಆರಿತು ಅನ್ನಿ. ಆಗ ಹಾರ್ನ್ ಒತ್ತಿ. ಅದೂ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್ ಹೋಲ್ಡರ್, ಕೀ ಸ್ವಿಚ್, ಆಮ್ಮೀಟರ್ ಹಿಂಬದಿಯ ಎರಡು ನಟ್ಟು, ಇವಿಷ್ಟೇ ನೋಡಬೇಕಾದ ಜಾಗ. ಗಾಡಿಯ ಕರೆಂಟೆಲ್ಲ ಆ ಎರಡು ನಟ್ಟುಗಳ ಮೂಲಕವೇ ಹರಿಯುವುದು, ಬುಲೆಟ್ಟಿನ ನಡುಕಕ್ಕೆ ಅವು ಸಡಿಲ ಆಗೇ ಆಗುತ್ತವೆ. ಬ್ಯಾಟರಿ ವೈರು ಕಳಚಿಯೇ, ಆ ನಟ್ಟು ತಲುಪಲು ಹೆಡ್‌ಲೈಟ್ ಬಿಚ್ಚಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ. ಹದ ಮೀರಿ ಬಿಗಿದರೆ ಒಳಗಿನ ಕಡ್ಡಿಯೇ ತಿರುಗಿ ಮೀಟರ್ ಹಾಳಾಗುತ್ತೆ. ನನ್ನ ಗಾಡಿಯಲ್ಲಿ ಹಾರ್ನ್ ಬಾರಿಸುತ್ತಿತ್ತು, ಕಾಯಿಲ್ಲಿಗೆ ಮಾತ್ರ ಕರೆಂಟಿರಲಿಲ್ಲ. ಅಂದರೆ ಕೀ ಸ್ವಿಚ್ಚಿನಿಂದ ಕಾಯಿಲ್ಲಿಗೆ ಇಳಿಯುವ ಒಂದೇ ವೈರು.

ಆ ವೈರು ಹೊರಗಿನಿಂದ ನೋಡಲು ಚೆನ್ನಾಗೇ ಇತ್ತು. ಫೋರ್ಕ್ ಕುತ್ತಿಗೆಯ ಹತ್ತಿರ ಹಿಂದೆ ಯಾರೋ ವೈರಿಂಗ್ ಕಟ್ಟನ್ನು ಪ್ಲಾಸ್ಟಿಕ್ ಟೈನಿಂದ ಫ್ರೇಮಿಗೆ ಬಿಗಿಯಾಗಿ ಕಟ್ಟಿದ್ದರು. ಹ್ಯಾಂಡಲ್ ತಿರುಗಿದಾಗಲೆಲ್ಲ ಅದೇ ಜಾಗದಲ್ಲಿ ಮಡಚಿ ಮಡಚಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿದ್ದವು. ಹುಡುಕುವ ರೀತಿ ಸುಲಭ: ಪ್ರತಿ ವೈರನ್ನೂ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸರಿ ಇರುವ ವೈರು ಬಿಗಿಯಾಗಿ ನಿಲ್ಲುತ್ತೆ, ಒಳಗೆ ಕಡಿದದ್ದು ರಬ್ಬರಿನ ಹಾಗೆ ಉದ್ದ ಆಗುತ್ತೆ. ಬ್ಲೇಡಿನಿಂದ ಸೀಳಿದಾಗ ತಾಮ್ರ ಹಸಿರು ಪುಡಿಯಾಗಿ ಉದುರಿತು.

ಅದನ್ನು ಸುಮ್ಮನೆ ಹೆಣೆದು ಟೇಪ್ ಸುತ್ತಬೇಡಿ. ಎರಡೂ ಕಡೆ ತಾಮ್ರ ಹೊಳೆಯುವವರೆಗೆ ಕತ್ತರಿಸಿ, 1.5 ಚದರ ಮಿಲಿಮೀಟರಿನ ಬಹು ಎಳೆಯ ಆಟೋ ವೈರಿನ ತುಂಡು ಸೇರಿಸಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ. ಬೆಸುಗೆ ಮಡಚುವ ಜಾಗದಿಂದ ನಾಲ್ಕು ಇಂಚಾದರೂ ದೂರ ಇರಲಿ. ಬೆಸುಗೆ ಕುಡಿದ ವೈರು ಗಟ್ಟಿಯಾಗುತ್ತೆ, ಗಟ್ಟಿಯಾದ ಭಾಗದ ಅಂಚಿನಲ್ಲೇ ಮತ್ತೆ ಕಡಿಯುತ್ತೆ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರೂ ವೈರು ಬಿಗಿಯದಷ್ಟು ಸಡಿಲ ಬಿಟ್ಟು ಕಟ್ಟಿ. ಆಮೇಲೆ ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿ ಪಾಸಿಟಿವ್‌ಗೂ ಕಾಯಿಲ್ಲಿನ ಸ್ವಿಚ್ ಕಡೆಯ ಟರ್ಮಿನಲ್ಲಿಗೂ ನಡುವೆ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟಿನ ಒಳಗಿರಬೇಕು. ಜಾಸ್ತಿ ಇದ್ದರೆ ಸ್ವಿಚ್ಚಿನೊಳಗೋ ಇನ್ನೊಂದು ಜೋಡಣೆಯಲ್ಲೋ ವೋಲ್ಟೇಜ್ ಕುಸಿಯುತ್ತಿದೆ. ಅಳತೆ ಮುಗಿದ ಕೂಡಲೇ ಕೀ ಆಫ್ ಮಾಡಿ, ಪಾಯಿಂಟ್ ಮುಚ್ಚಿದಂತೆ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ಬಲ್ಬು ಉರಿಯುತ್ತಲೇ ಎಂಜಿನ್ ನಿಂತರೆ ಸರದಿ ಕಂಡೆನ್ಸರಿನದು. ಬಲಗಡೆ ಸಿಲಿಂಡರ್ ಹಿಂದಿನ ದುಂಡು ಮುಚ್ಚಳ ತೆಗೆದು, ಕತ್ತಲಲ್ಲಿ ಯಾರಿಂದಾದರೂ ಕಿಕ್ ಹೊಡೆಸಿ ಪಾಯಿಂಟ್ ನೋಡಿ. ಚಿಕ್ಕ ನೀಲಿ ಕಿಡಿ ಸಹಜ. ದಪ್ಪ ಹಳದಿ ಕಿಡಿ ಚಿಟಿಚಿಟಿ ಹಾರಿದರೆ ಕಂಡೆನ್ಸರ್ ಸತ್ತಿದೆ. ಹಳೆಯ ಕಂಡೆನ್ಸರಿನ ವೈರು ಕಳಚಿ, ಕೆಲಸ ಮಾಡುವುದು ಖಚಿತವಾಗಿರುವ ಇನ್ನೊಂದನ್ನು ಹೊರಗಿನಿಂದಲೇ ಕ್ಲಿಪ್ಪಿನಲ್ಲಿ ತಗುಲಿಸಿ ಓಡಿಸಿ ನೋಡಬಹುದು. ಕಳಚದೆ ಪಕ್ಕಕ್ಕೆ ಸೇರಿಸಿದರೆ ಶಾರ್ಟ್ ಆದದ್ದು ಶಾರ್ಟ್ ಆಗೇ ಇರುತ್ತೆ. ಪಾಯಿಂಟ್ ಸಂದು 0.35ರಿಂದ 0.40 ಮಿಲಿಮೀಟರ್. ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹಿಮ್ಮಡಿಗೆ ಕಡ್ಡಿ ತುದಿಯಷ್ಟು ಗ್ರೀಸ್ ಹಚ್ಚಿ, ಒಣಗಿದರೆ ಸವೆದು ಸಂದು ಮುಚ್ಚಿಕೊಳ್ಳುತ್ತೆ. ಪ್ಲಗ್ ಕ್ಯಾಪ್ ತಿರುಗಿಸಿ ತೆಗೆದು ವೈರಿನ ತುದಿ ಐದು ಮಿಲಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕುವುದು ಖರ್ಚಿಲ್ಲದ ಕೆಲಸ, ಅದನ್ನು ಮೊದಲೇ ಮಾಡಿಬಿಡಿ. ಕಾಯಿಲ್ ಮೇಲೆ ಅನುಮಾನ ಇದ್ದರೆ ಗಾಡಿ ನಿಂತಾಗ ಬಿಸಿ ಇರುವಾಗಲೇ ಓಮ್ ಅಳೆಯಿರಿ. ಪ್ರೈಮರಿ ಮೂರ್ನಾಲ್ಕು ಓಮ್, ಸೆಕೆಂಡರಿ ಕೆಲವು ಸಾವಿರ ಓಮ್ ಇರಬೇಕು. ಬಿಸಿಯಲ್ಲಿ ಸೆಕೆಂಡರಿ ದಾರಿಯೇ ತೋರದಿದ್ದರೆ ಆಗ ಕಾಯಿಲ್ ಕೊಳ್ಳಿ, ಅಲ್ಲಿಯವರೆಗೆ ಬೇಡ.

ಪೆಟ್ರೋಲ್ ಕಡೆಯ ಗುಮಾನಿ ಒಂದೇ ಸಾಲಿನಲ್ಲಿ ಮುಗಿಯುತ್ತೆ: ಪೆಟ್ರೋಲ್ ನಿಂತ ಗಾಡಿ ಮುಕ್ಕರಿಸಿ, ಎಳೆದಾಡಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸಾಯುತ್ತೆ, ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗಿದರೆ ಮುಚ್ಚಳದ ತೂತು ಕಟ್ಟಿದೆ. ನಿಮ್ಮದು ಟಪ್ಪಂತ ಸಾಯುತ್ತಿದೆ.

ಎಲೆಕ್ಟ್ರಾನಿಕ್ ಕಿಟ್ ವಿಷಯ. ಅದಕ್ಕೂ ಕರೆಂಟು ಬರುವುದು ಅದೇ ಕೀ ಸ್ವಿಚ್ಚಿನಿಂದ, ಅದೇ ಕಡಿದ ವೈರಿನಿಂದ. ನಾನು ಹಾಕಿಸಿದ್ದರೆ ಅದೇ ತಿರುವಿನಲ್ಲಿ ಅದೇ ರೀತಿ ನಿಲ್ಲುತ್ತಿತ್ತು, ಮುಳ್ಳು ನೋಡಿ ಕಾರಣ ಹಿಡಿಯುವ ದಾರಿಯೂ ಹೋಗುತ್ತಿತ್ತು. ಪಾಯಿಂಟನ್ನು ಒಂದು ಶುಭ್ರವಾದ ಲಗ್ನಪತ್ರಿಕೆ ತುಂಡಿನಿಂದ ಒರೆಸಿ ಘಾಟಿ ಮೇಲಿನ ಕೊಟ್ಟಿಗೆಹಾರದವರೆಗೆ ತಲುಪಬಹುದು, ಸತ್ತ ಎಲೆಕ್ಟ್ರಾನಿಕ್ ಡಬ್ಬಿಯನ್ನು ಘಾಟಿಯಲ್ಲಿ ಏನೂ ಮಾಡಲಾಗುವುದಿಲ್ಲ. ಮೊದಲು ವೈರಿಂಗ್ ಗಟ್ಟಿಯಾಗಲಿ. ಆಮೇಲೂ ಮನಸ್ಸಿದ್ದರೆ ಹಾಕಿಸಿ, ಬೇಡ ಅನ್ನುವುದಿಲ್ಲ.

ಇನ್ನೊಂದು, ರಿಪೇರಿ ಆದ ಕೂಡಲೇ ಆ ಬಲ್ಬು ಕಿತ್ತುಹಾಕಬೇಡಿ. ಎರಡು ತಿಂಗಳು ಅಲ್ಲೇ ಇರಲಿ. ನನ್ನ ಗಾಡಿ ಐದು ವಾರ ಸುಮ್ಮನಿದ್ದು ಆರನೇ ವಾರ ನಿಂತಿತ್ತು.