ದೋಸೆ ಹಿಟ್ಟು ಯಾರ ಪಾಲಿಗೆ?

ಪ್ರಶ್ನೆ: ನನಗೆ 38 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಬೆಳಿಗ್ಗೆ 5ಕ್ಕೆ ಎದ್ದರೆ ರಾತ್ರಿ 11ರವರೆಗೆ ಕೂರಲು ಪುರುಸೊತ್ತಿಲ್ಲ. ಗಂಡ ಒಳ್ಳೆಯವರು, ‘ಏನು ಮಾಡಲಿ ಹೇಳು’ ಅಂತಾರೆ. ಹೇಳಿ ಹೇಳಿಯೇ ಸಾಕಾಗಿದೆ. ಅವರು ಪಾತ್ರೆ ಮುಟ್ಟಿದರೆ ಅತ್ತೆ ‘ಗಂಡಸಿನ ಕೈಲಿ ಮುಸುರೆ ತಿಕ್ಕಿಸ್ತೀಯಾ’ ಅಂತ ಮುಖ ಊದಿಸುತ್ತಾರೆ. ಕೆಲಸ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಬಿಟ್ಟರೆ ನಿಲ್ಲುವುದು ಸಂಬಳ, ಮುಸುರೆಯಲ್ಲ. ‘ಹೇಗೂ ಮನೇಲಿರ್ತಾಳಲ್ಲ’ ಅಂತ ಇನ್ನೆರಡು ಕೆಲಸ ಸೇರಿಕೊಳ್ಳುತ್ತವೆ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಆ 88 ಕೂಡ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಕೈಹಾಕದವರು ಅದರಲ್ಲಿ ಸೇರಿಲ್ಲ.

ನಿಮ್ಮ ಮನೆಯ ತೊಡಕು ‘ಏನು ಮಾಡಲಿ ಹೇಳು’ ಎಂಬ ಮಾತಿನಲ್ಲೇ ಇದೆ. ಕೈ ಅವರದು, ತಲೆ ನಿಮ್ಮದು. ಆದ್ದರಿಂದ ಚೂರುಪಾರು ಕೆಲಸ ಹೇಳುವುದನ್ನು ನಿಲ್ಲಿಸಿ, ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಪ್ಪಿಸಿ. ಭಾನುವಾರದ ದೋಸೆಯನ್ನೇ ತೆಗೆದುಕೊಳ್ಳಿ. ‘ಗ್ರೈಂಡರ್ ಆನ್ ಮಾಡಿ’ ಅನ್ನುವುದು ಒಪ್ಪಿಸಿದಂತಲ್ಲ. ಉದ್ದು ಮುಗಿಯುತ್ತಾ ಬಂದದ್ದನ್ನು ಗಮನಿಸಿ ತರುವುದು, ಶನಿವಾರ ಮಧ್ಯಾಹ್ನ ನೆನಪಿನಿಂದ 4 ಲೋಟ ಅಕ್ಕಿ, 1 ಲೋಟ ಉದ್ದು, ಒಂದು ಚಮಚ ಮೆಂತ್ಯ ನೆನೆಹಾಕುವುದು, 5 ಗಂಟೆ ಬಿಟ್ಟು ರುಬ್ಬುವುದು, ಗ್ರೈಂಡರ್ ತೊಳೆಯುವುದು, ಪಾತ್ರೆಯಲ್ಲಿ ಅರ್ಧ ಜಾಗ ಬಿಟ್ಟು ಹಿಟ್ಟು ಮುಚ್ಚಿಡುವುದು, ಇಷ್ಟೂ ಸೇರಿದರೆ ಒಂದು ಕೆಲಸ. ಜಾಗ ಬಿಡದಿದ್ದರೆ ಬೆಳಿಗ್ಗೆ ಹಿಟ್ಟು ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ಒರೆಸುವುದೂ ಅವರದೇ.

ಮೊದಲ ವಾರ ಖಂಡಿತ ಮರೆಯುತ್ತಾರೆ. ಬಹಳಷ್ಟು ಮನೆಗಳಲ್ಲಿ ಹದ ಕೆಡುವುದು ಇಲ್ಲೇ: ಹೆಂಡತಿ ಸಂಜೆ 4ಕ್ಕೆ ಗುಟ್ಟಾಗಿ ತಾನೇ ಅಕ್ಕಿ ನೆನೆಹಾಕುತ್ತಾಳೆ. ಹಾಕಬೇಡಿ, ನೆನಪೂ ಮಾಡಬೇಡಿ. ಭಾನುವಾರ ಅವಲಕ್ಕಿ ತಿಂದರಾಯಿತು, ಅದನ್ನು ಒಗ್ಗರಿಸುವುದೂ ಅವರೇ. ಅವರು ತೊಳೆದ ಗ್ರೈಂಡರನ್ನು ಮತ್ತೆ ತೊಳೆಯಲೂ ಹೋಗಬೇಡಿ. ಅಂಚಿನಲ್ಲಿ ಚೂರು ಹಿಟ್ಟು ಒಣಗಿದ್ದರೆ ಮುಂದಿನ ಸಲ ರುಬ್ಬುವಾಗ ಅವರಿಗೇ ಕಾಣುತ್ತದೆ. ನಾಲ್ಕು ವಾರ ಕಳೆದ ಮೇಲೆ ಎರಡನೆಯ ಕೆಲಸ ಒಪ್ಪಿಸಿ, ಮಕ್ಕಳ ಯೂನಿಫಾರಂ ಅಥವಾ ಗ್ಯಾಸ್ ಬುಕಿಂಗ್ ಆಗಬಹುದು. ಮುಸುರೆಗೆ ಆಳು ಇಟ್ಟರೆ ಅವರ ಸಂಬಳ, ರಜೆಯ ಲೆಕ್ಕ ಯಾರದ್ದೆಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲವಾದರೆ ಅದೂ ನಿಮ್ಮ ತಲೆಗೇ.

ಅತ್ತೆಗೆ ನೀವು ಉತ್ತರ ಕೊಡಲು ಹೋಗಬೇಡಿ. ನೀವು ಹೇಳಿದರೆ ಅದು ಸೊಸೆಯ ಎದುರುವಾದ, ಮಗ ಹೇಳಿದರೆ ಮನೆಯ ಮಾತು. ‘ಅಮ್ಮಾ, ಇದು ನನ್ನ ಪಾಲಿನ ಕೆಲಸ, ಅವಳು ಹೇಳಿ ಮಾಡಿಸ್ತಿಲ್ಲ’ ಎಂದು ನೀವಿಲ್ಲದಾಗ ಅವರೇ ತಾಯಿಗೆ ಹೇಳಲಿ. ಹಿಟ್ಟಿನ ಅಳತೆ ಗೊತ್ತಾಗದಿದ್ದರೂ ನಿಮ್ಮನ್ನು ಕೇಳುವುದು ಬೇಡ, ತಾಯಿಯನ್ನೇ ಕೇಳಲಿ. ಮಗ ಬಂದು ‘ಉದ್ದು ಎಷ್ಟಮ್ಮಾ’ ಅಂದಾಗ ಮುಖ ಊದಿಸುವುದು ಅವರಿಗೂ ಅಷ್ಟು ಸುಲಭವಲ್ಲ.