ಡಯಾಟಮ್ ಚಿಪ್ಪು: ಮೊದಲು ವಿಭಜನೆ, ಆಮೇಲೆ ಫಲಕ

ಪ್ರಶ್ನೆ: ನೀರಿನಲ್ಲಿ ಬೆಳೆಯುವ ಏಕಕೋಶ ಪಾಚಿಗಳಾದ ಡಯಾಟಮ್‌ಗಳ ಸಿಲಿಕಾ (ಗಾಜಿನಂಥ ವಸ್ತು) ಚಿಪ್ಪು ಗಡಸು, ಹಿಗ್ಗುವುದಿಲ್ಲ. ಹಾಗಿದ್ದರೆ ಒಳಗಿನ ಕೋಶ ಎರಡಾಗುವುದು ಹೇಗೆ? ಹೊಸ ಚಿಪ್ಪು ವಿಭಜನೆಗೆ ಮೊದಲೇ ತಯಾರಾಗಿರುತ್ತದೆಯೇ?

ಉತ್ತರ: ಇಲ್ಲ. ಕೋಶ ಎರಡಾದ ಮೇಲೆ, ಆದರೆ ಮರಿಕೋಶಗಳು ಬೇರ್ಪಡುವ ಮೊದಲು ತಯಾರಾಗುತ್ತದೆ.

ಚಿಪ್ಪು ಒಂದೇ ತುಂಡಲ್ಲ. ಡಬ್ಬಿಯ ಮೇಲೆ ಮುಚ್ಚಳ ಕೂತಂತೆ, ತುಸು ದೊಡ್ಡ ಅರ್ಧದೊಳಗೆ ಚಿಕ್ಕ ಅರ್ಧ ಕೂತಿರುತ್ತದೆ. ಪ್ರತಿ ಅರ್ಧಕ್ಕೂ ಒಂದು ಫಲಕ, ಅದರ ಅಂಚಿಗೆ ಸಿಲಿಕಾ ಪಟ್ಟಿಗಳು. ಬೆಳೆಯುವ ಕೋಶ ಅಗಲವಾಗಲಾರದು. ಪಟ್ಟಿಗಳನ್ನು ಸೇರಿಸಿಕೊಳ್ಳುತ್ತಾ ಉದ್ದವಾಗುತ್ತದೆ. ನ್ಯೂಕ್ಲಿಯಸ್ ಎರಡಾಗಿ ಕೋಶದ್ರವ್ಯ ನಡುವೆ ಸೀಳಿದಾಗ, ಎರಡೂ ಮರಿಕೋಶಗಳು ತಾಯಿಚಿಪ್ಪಿನೊಳಗೇ ಇರುತ್ತವೆ. ಸೀಳಿದ ಬದಿಗೆ ಮಾತ್ರ ಚಿಪ್ಪಿರುವುದಿಲ್ಲ.

ಆ ಬದಿಯ ಪೊರೆಯ ಕೆಳಗೇ ಪ್ರತಿ ಕೋಶದಲ್ಲೂ ತೆಳುವಾದ, ಚಪ್ಪಟೆಯಾದ ಒಂದು ಚೀಲ ಮೂಡುತ್ತದೆ. ಹೊಸ ಫಲಕ ರೂಪುಗೊಳ್ಳುವುದು ಈ ಚೀಲದ ಆಮ್ಲೀಯ ದ್ರವದಲ್ಲಿ. ನೀರಿನಿಂದ ಹೀರಿಕೊಂಡ ಸಿಲಿಸಿಕ್ ಆಮ್ಲವನ್ನು ಸಿಲಾಫಿನ್ ಪ್ರೋಟೀನುಗಳು ಮತ್ತು ಉದ್ದ ಸರಪಳಿಯ ಪಾಲಿಅಮೈನುಗಳು ಘನ ಸಿಲಿಕಾ ಆಗಿಸುತ್ತವೆ. ದೋಣಿಯಾಕಾರದ ಪ್ರಭೇದಗಳಲ್ಲಿ ಮೊದಲು ನಡುವಿನ ಉದ್ದ ಏಣು, ಆಮೇಲೆ ಅಡ್ಡ ಏಣುಗಳು. ದುಂಡನೆಯವುಗಳಲ್ಲಿ ನಡುವಿನ ಉಂಗುರದಿಂದ ಅಂಚಿನ ಕಡೆಗೆ. ಫಲಕ ಪೂರ್ತಿಯಾದಾಗ ಅದನ್ನು ಕೋಶದ ಹೊರಮೈಗೆ ಬಿಡಲಾಗುತ್ತದೆ. ಆಮೇಲಷ್ಟೇ ಮರಿಗಳು ಬೇರೆಯಾಗುತ್ತವೆ.

ಪ್ರಶ್ನೆ: ತಲೆಮಾರಿನಿಂದ ತಲೆಮಾರಿಗೆ ಗಾತ್ರ ಕುಗ್ಗುವುದು ಏಕೆ?

ಉತ್ತರ: ಹಳೆಯ ಅರ್ಧ ಯಾವುದೇ ಇರಲಿ, ಮರಿಗೆ ಅದೇ ಹೊರ ಅರ್ಧ, ಹೊಸದು ಯಾವಾಗಲೂ ಒಳಗಿನದು. ಹಾಗಾಗಿ ತಾಯಿಯ ಚಿಕ್ಕ ಅರ್ಧ ಸಿಕ್ಕ ಮರಿ ಕಿರಿದಾಗುತ್ತದೆ. ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಎಂಬ ವಿಜ್ಞಾನಿಗಳು 1869ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಎಲ್ಲ ಪ್ರಭೇದಗಳೂ ಹೀಗೆ ಕುಗ್ಗುವುದಿಲ್ಲ. ಕುಗ್ಗುವವು ಒಂದು ಮಿತಿ ದಾಟಿದ ಮೇಲೆ ಸಾಮಾನ್ಯವಾಗಿ ಲೈಂಗಿಕ ಸಂತಾನಕ್ಕೆ ತೊಡಗುತ್ತವೆ. ಆಗ ಹುಟ್ಟುವ ಆಕ್ಸೋಸ್ಪೋರ್ ಎಂಬ ವಿಶೇಷ ಕೋಶ ಹಳೆಯ ಚಿಪ್ಪಿನ ಹಂಗಿಲ್ಲದೆ ಹಿಗ್ಗಿ, ಪೂರ್ಣ ಗಾತ್ರದ ಫಲಕಗಳನ್ನು ಹೊಸದಾಗಿ ಕಟ್ಟುತ್ತದೆ. ಗಮನಿಸಿ: ಹಲವು ಪ್ರಭೇದಗಳಲ್ಲಿ ಇಲ್ಲಿಯೂ ಪ್ರತಿ ಫಲಕಕ್ಕೆ ಮೊದಲು ನ್ಯೂಕ್ಲಿಯಸ್ ಒಮ್ಮೆ ವಿಭಜನೆಯಾಗುತ್ತದೆ, ಕೋಶ ಎರಡಾಗದಿದ್ದರೂ! ಫಲಕಕ್ಕೂ ನ್ಯೂಕ್ಲಿಯಸ್ ವಿಭಜನೆಗೂ ಅಷ್ಟು ಬಿಗಿಯಾದ ನಂಟು.

ಪ್ರಶ್ನೆ: ಎಫ್/2 ಮಾಧ್ಯಮದಲ್ಲಿ (ಪಾಚಿ ಬೆಳೆಸಲು ಪೋಷಕಾಂಶ ಬೆರೆಸಿದ ಸಮುದ್ರದ ನೀರು) ಬೆಳೆಸಿದ ಡಯಾಟಮ್‌ಗಳು ಕಂದು ಬಣ್ಣದಲ್ಲಿ ಚೆನ್ನಾಗಿಯೇ ಕಾಣುತ್ತವೆ, ಆದರೆ ಸಂಖ್ಯೆ ಏರುವುದು ನಿಂತಿದೆ. ನೈಟ್ರೇಟ್ ಇನ್ನೂ ಉಳಿದಿದೆ.

ಉತ್ತರ: ಸಿಲಿಕೇಟ್, ಅಂದರೆ ಚಿಪ್ಪಿಗೆ ಬೇಕಾದ ಸಿಲಿಕಾನ್‌ನ ಕರಗಿದ ರೂಪ, ಮುಗಿದಿರಬೇಕು. ಈ ಮಾಧ್ಯಮದಲ್ಲಿ ನೈಟ್ರೇಟ್ ಲೀಟರಿಗೆ ಸುಮಾರು 0.88 ಮಿಲಿಮೋಲ್, ಸಿಲಿಕೇಟ್ ಬರೀ 0.1. ಡಯಾಟಮ್‌ಗೆ ಇವೆರಡೂ ಹೆಚ್ಚುಕಡಿಮೆ ಸಮಸಮ ಬೇಕು. ಸಿಲಿಕಾನ್ ಇಲ್ಲದಿದ್ದರೆ ಕೋಶ ಡಿಎನ್‌ಎ ನಕಲಾಗುವ ಮೊದಲು, ಇಲ್ಲವೇ ನಕಲಾದ ಮೇಲೆ ಫಲಕ ಕಟ್ಟುವ ಹೊತ್ತಿಗೆ, ತಡೆದು ನಿಲ್ಲುತ್ತದೆ.

ಹಾಗೆಂದು ಒಮ್ಮೆಗೇ ಹೆಚ್ಚು ಸುರಿಯಬೇಡಿ, ಬಿಳಿ ಗಸಿಯಾಗಿ ತಳಕ್ಕಿಳಿದು ವ್ಯರ್ಥವಾಗುತ್ತದೆ. ಲೀಟರಿಗೆ 30 ಗ್ರಾಂ ಸೋಡಿಯಂ ಮೆಟಾಸಿಲಿಕೇಟ್ ನೊನಾಹೈಡ್ರೇಟ್ ಇರುವ ದ್ರಾವಣವನ್ನು ಸೋಸಿ ಕ್ರಿಮಿಶುದ್ಧ ಮಾಡಿಕೊಳ್ಳಿ. ಆಟೋಕ್ಲೇವ್ ಆದ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧವಾದ) ಮಾಧ್ಯಮ ಪೂರ್ತಿ ಆರಿದ ಮೇಲೆ, ಕಲಕುತ್ತಾ ಹನಿಹನಿಯಾಗಿ ಲೀಟರಿಗೆ 1 ಮಿ.ಲೀ. ಹಾಕಿ. ಬೆಳವಣಿಗೆಯ ನಡುವೆ ಇನ್ನೊಮ್ಮೆ ಅಷ್ಟೇ ಸೇರಿಸಿ. ಸಿಲಿಕಾನ್ ಕೊರತೆಯನ್ನೇ ಪರೀಕ್ಷಿಸುವುದಿದ್ದರೆ ಗಾಜಿನ ಪಾತ್ರೆ ಬೇಡ, ಅದರಿಂದ ಸಿಲಿಕಾ ನೀರಿಗೆ ಬಿಡುತ್ತದೆ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನದು ಬಳಸಿ.