ವಾಹನ ಪ್ರಶ್ನೋತ್ತರ: ಮೀಟರ್ ಬೋರ್ಡಿನ ಬಲ್ಬ್ ಬದಲಿಸಿದರೆ ಬ್ಯಾಟರಿ ಇಳಿಯುವುದೇಕೆ?

ಪ್ರಶ್ನೆ: ನಮ್ಮದು 2004ರ ಡೀಸೆಲ್ ಪಿಕಪ್. ತೋಟದ ಟೊಮೆಟೊ ತುಂಬಿಕೊಂಡು ನಸುಕಿನಲ್ಲಿ ಕೋಲಾರದ ಮಾರುಕಟ್ಟೆಗೆ ಹೊರಡುತ್ತೇವೆ. ಮೀಟರ್ ಬೋರ್ಡಿನ ಬೆಳಕು ಒಂದು ವರ್ಷದಿಂದ ಮಂಕಾಗುತ್ತ ಬಂದು, ಕೊನೆಗೆ ಬಲಗಡೆ ಪೂರ್ತಿ ಕತ್ತಲಾಯಿತು. ಕಳೆದ ತಿಂಗಳು ನಾನೇ ಬೋರ್ಡ್ ಬಿಚ್ಚಿ, ಎಚ್ಚರಿಕೆಯ ದೀಪಗಳೂ ಸೇರಿ ಒಳಗಿದ್ದ ಎಲ್ಲ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದೆ. ಎರಡು ಎಲ್‌ಇಡಿ ಉರಿಯುವುದೇ ಇಲ್ಲ, ಉಳಿದವು ಕಣ್ಣಿಗೆ ಚುಚ್ಚುತ್ತವೆ. ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಅದರ ತಾಳಕ್ಕೆ ಕುಣಿಯುತ್ತದೆ. ಇದು ಮೊದಲೂ ಇತ್ತು. ಈಗ ಬ್ಯಾಟರಿ ಎರಡು ಮೂರು ದಿನಕ್ಕೊಮ್ಮೆ ಇಳಿದುಹೋಗುತ್ತಿದೆ. ಡೈನಮೊ ಹೋಗಿದೆ, ಹೊಸದು ಹಾಕಿಸಿ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಬೇಕೇ?
– ಓದುಗರೊಬ್ಬರು, ಮುಳಬಾಗಿಲು ತಾಲ್ಲೂಕು

ಉತ್ತರ: ಈಗಲೇ ಹಾಕಿಸಬೇಡಿ. ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳು ಬೆರೆತಿವೆ. ಅವುಗಳಲ್ಲಿ ಡೈನಮೊಗೆ ಸಂಬಂಧಿಸಿದ್ದು ಬಹುತೇಕ ಒಂದು ಚಿಕ್ಕ ಬಲ್ಬಿನ ವಿಷಯವೆಂದು ತೋರುತ್ತದೆ.

ಮೀಟರ್ ಬೋರ್ಡಿನಲ್ಲಿ ಎರಡು ಜಾತಿಯ ದೀಪಗಳಿರುತ್ತವೆ ಎಂಬುದನ್ನು ಮೊದಲು ಗಮನಿಸಬೇಕು. ಅಂಕಿಗಳನ್ನು ಬೆಳಗುವ ದೀಪಗಳಿಗೆ ಪಾರ್ಕಿಂಗ್ ಲೈಟಿನ ಸ್ವಿಚ್ಚಿನಿಂದ, ಫ್ಯೂಸ್ ಮತ್ತು ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ದಾಟಿ ಕರೆಂಟು ಬರುತ್ತದೆ. ಚಾರ್ಜಿಂಗ್, ಆಯಿಲ್, ಹ್ಯಾಂಡ್ ಬ್ರೇಕ್ ಮೊದಲಾದ ಎಚ್ಚರಿಕೆಯ ದೀಪಗಳಿಗೆ ಇಗ್ನಿಷನ್ ಕೀಯಿಂದ ಕರೆಂಟು ಬರುತ್ತದೆ. ಅವುಗಳ ಇನ್ನೊಂದು ತುದಿ ತಮ್ಮ ತಮ್ಮ ಸ್ವಿಚ್ಚಿಗೋ ಡೈನಮೊಗೋ ಹೋಗುತ್ತದೆ. ಮೊದಲನೆಯವು ಕೆಟ್ಟರೆ ಅನುಕೂಲ ತಪ್ಪುತ್ತದೆ, ಎರಡನೆಯವು ಕೆಟ್ಟರೆ ಎಂಜಿನ್ನೇ ಕೈಬಿಡಬಹುದು. ನೀವು ಎರಡಕ್ಕೂ ಒಂದೇ ಔಷಧ ಹಾಕಿದ್ದೀರಿ.

ಚಾರ್ಜಿಂಗ್ ದೀಪದಿಂದಲೇ ಪ್ರಾರಂಭಿಸೋಣ. ಆ ಕಾಲದ ಹೆಚ್ಚಿನ ಪಿಕಪ್‌ಗಳಲ್ಲಿ ಬ್ಯಾಟರಿ ಚಿತ್ರವಿರುವ ಈ ಕೆಂಪು ದೀಪ ಬರಿಯ ಸೂಚಕವಲ್ಲ. ನಾವು ರೂಢಿಯಲ್ಲಿ ಡೈನಮೊ ಎನ್ನುವ ಆಲ್ಟರ್ನೇಟರನ್ನು ಎಚ್ಚರಗೊಳಿಸುವ ಕರೆಂಟು ಹಾದುಹೋಗುವುದು ಇದರ ಮೂಲಕವೇ. ಕೀ ತಿರುಗಿಸಿದಾಗ ಬಲ್ಬಿನ ತಂತಿಯನ್ನು ದಾಟಿದ ಕರೆಂಟು ತೆಳುವಾದ ಒಂದು ವೈರಿನಲ್ಲಿ ಆಲ್ಟರ್ನೇಟರಿಗೆ ಹೋಗಿ, ಅದರ ಒಳಗೆ ತಿರುಗುವ ಸುರುಳಿಗೆ ಅಯಸ್ಕಾಂತದ ಗುಣ ತುಂಬುತ್ತದೆ. ಎಂಜಿನ್ ಚಾಲೂ ಆದಮೇಲೆ ಆಲ್ಟರ್ನೇಟರ್ ತಾನೇ ವಿದ್ಯುತ್ ಹುಟ್ಟಿಸುವುದರಿಂದ ಬಲ್ಬಿನ ಎರಡೂ ತುದಿಗಳಲ್ಲಿ ವೋಲ್ಟೇಜು ಸಮವಾಗಿ ದೀಪ ಆರುತ್ತದೆ. ಮೂರು ವ್ಯಾಟಿನ ಹಳೆಯ ಬಲ್ಬು ಸುಮಾರು ಕಾಲು ಆಂಪಿಯರ್ ಹರಿಯಗೊಡುತ್ತಿತ್ತು. ಅದೇ ಜಾಗದಲ್ಲಿ ಕೂತ ಎಲ್‌ಇಡಿ ಅದರ ಹತ್ತನೆಯ ಒಂದು ಪಾಲನ್ನೂ ಬಿಡುವುದು ಕಷ್ಟ. ತಿರುಗುಮುರುಗಾಗಿ ಕೂತಿದ್ದರಂತೂ ಏನನ್ನೂ ಬಿಡುವುದಿಲ್ಲ. ಆಲ್ಟರ್ನೇಟರ್ ಚೆನ್ನಾಗಿಯೇ ಇದ್ದರೂ ಎಬ್ಬಿಸುವವರಿಲ್ಲದೆ ಮಲಗಿರುತ್ತದೆ.

ಇದನ್ನು ಮನೆಯಂಗಳದಲ್ಲೇ ಖಚಿತಪಡಿಸಿಕೊಳ್ಳಬಹುದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಹಿಡಿಯಿರಿ. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಮತ್ತೆ ನೋಡಿ. ಅಂಕಿ 13.8ರಿಂದ 14.4ರ ನಡುವೆ ಏರದೆ 12ರ ಆಸುಪಾಸಿನಲ್ಲೇ ಇದ್ದು, ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಥಟ್ಟನೆ 14ಕ್ಕೆ ಜಿಗಿದರೆ, ಆಲ್ಟರ್ನೇಟರ್ ಸರಿಯಿದೆ, ಎಬ್ಬಿಸುವ ಕರೆಂಟು ಮಾತ್ರ ಸಾಲುತ್ತಿಲ್ಲ ಎಂದೇ ತಿಳಿಯಬೇಕು. ಹಳೆಯ ಬಲ್ಬಿನ ಮೇಲೆ ಬರೆದಿದ್ದ ವ್ಯಾಟಿನದೇ ತಂತಿಯ ಬಲ್ಬು ತಂದು ಚಾರ್ಜಿಂಗ್ ದೀಪದ ಹೋಲ್ಡರಿಗೆ ಹಾಕಿ.

ಹಾಕಿದ ಮೇಲೂ ಕೀ ತಿರುಗಿಸಿದಾಗ ದೀಪ ಉರಿಯದಿದ್ದರೆ, ಆಲ್ಟರ್ನೇಟರಿನ ಹಿಂದಿನ ತೆಳು ವೈರನ್ನು ಬಿಡಿಸಿ, ಕೀ ಆನ್ ಇಟ್ಟು, ವೈರಿನ ತುದಿಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ. ಆಗ ದೀಪ ಹತ್ತಿದರೆ ವೈರು ಸರಿಯಿದೆ, ದೋಷ ಆಲ್ಟರ್ನೇಟರಿನ ಒಳಗಿದೆ. ಹಳೆಯ ಗಾಡಿಯಲ್ಲಿ ಅದು ಬಹಳ ಸಲ ತಿರುಗುವ ಸುರುಳಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದದ್ದೇ ಆಗಿರುತ್ತದೆ. ಪಕ್ಕದ ದಪ್ಪ ವೈರನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸಿ ತಾಗಿಸಬೇಡಿ. ಅದು ನೇರವಾಗಿ ಬ್ಯಾಟರಿಯಿಂದ ಬರುವಂಥದು. ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಈ ದೀಪದ ಬಗ್ಗೆ ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣವಿದೆ. ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಫ್ಯಾನ್ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ, ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟ್ ತುಂಡಾದಾಗ ಮೊದಲ ಸುದ್ದಿ ಕೊಡುವುದು ಈ ಕೆಂಪು ದೀಪವೇ. ಅದು ಉರಿಯದಿದ್ದರೆ, ತುಂಬಿದ ಕ್ರೇಟುಗಳ ಭಾರ ಹೊತ್ತು ಹೆದ್ದಾರಿಯಲ್ಲಿ ಹೋಗುತ್ತಿರುವಾಗ, ನಾಲ್ಕೈದು ಸಲ ತುಳಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾದಾಗಲೇ ನಿಮಗೆ ವಿಷಯ ತಿಳಿಯುವುದು.

ಇನ್ನು ಕುಣಿಯುವ ಡೀಸೆಲ್ ಮುಳ್ಳು. ಇದು ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಸರಿಯಿಲ್ಲದ ಲಕ್ಷಣ. ನಿಮ್ಮ ಹಳೆಯ ಬಲ್ಬುಗಳು ವರ್ಷವಿಡೀ ಮಂಕಾಗುತ್ತ ಬಂದದ್ದಕ್ಕೂ ಇದೇ ಕಾರಣವಿರಬಹುದು. ಬೋರ್ಡಿನ ಮುಳ್ಳುಗಳು, ಬೆಳಕಿನ ದೀಪಗಳು, ಇಂಡಿಕೇಟರಿನ ಹಸಿರು ದೀಪ ಎಲ್ಲವೂ ಸಾಮಾನ್ಯವಾಗಿ ಒಂದೇ ಕಪ್ಪು ವೈರಿನಲ್ಲಿ ಗಾಡಿಯ ಲೋಹದ ಮೈಗೆ ಸೇರುತ್ತವೆ. ಅದರ ಸ್ಕ್ರೂ ತುಕ್ಕು ಹಿಡಿದು ದಾರಿ ಕಿರಿದಾದಾಗ, ಒಂದರ ಕರೆಂಟು ಇನ್ನೊಂದರ ಲೆಕ್ಕ ಕೆಡಿಸುತ್ತದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಉದ್ದ ವೈರಿನಲ್ಲಿ ಜೋಡಿಸಿ, ಕೆಂಪು ಕಡ್ಡಿಯನ್ನು ಬೋರ್ಡಿನ ಅರ್ಥ್ ಪಿನ್ನಿಗೆ ಹಿಡಿದು, ಎಲ್ಲ ಲೈಟುಗಳನ್ನೂ ಹಾಕಿ ನೋಡಿ. 0.1 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಆ ಸ್ಕ್ರೂ ಹುಡುಕಿ, ವೈರಿನ ಕಣ್ಣನ್ನೂ ಅದು ಕೂರುವ ತಗಡನ್ನೂ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಉರಿಯದ ಎರಡು ಎಲ್‌ಇಡಿಗಳ ವಿಷಯ ಸುಲಭ. ಸಾಮಾನ್ಯ ಬಲ್ಬಿಗೆ ಹಿಂದುಮುಂದು ಇಲ್ಲ, ಎಲ್‌ಇಡಿಗೆ ಇದೆ. ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಉರಿಯಬಹುದು. ಕಣ್ಣಿಗೆ ಚುಚ್ಚುವುದಕ್ಕೆ ಡಿಮ್ಮರಿನಿಂದ ಹೆಚ್ಚು ಪರಿಹಾರ ಸಿಗದು, ಏಕೆಂದರೆ ಆ ಹಳೆಯ ಡಿಮ್ಮರನ್ನು ಬಲ್ಬುಗಳ ದೊಡ್ಡ ಕರೆಂಟಿಗೆ ತಕ್ಕಂತೆ ಮಾಡಿರುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿಗೂ ಹಳೆಯ ಹಳದಿ ಬೆಳಕಿನ ಬಲ್ಬುಗಳೇ ಒಳ್ಳೆಯವು. ನಸುಕಿನ ಕತ್ತಲೆಯಲ್ಲಿ ರಸ್ತೆ ನೋಡಬೇಕಾದ ಕಣ್ಣಿಗೆ ಬಿಳಿ ಬೆಳಕು ಹಿತವಲ್ಲ.

ಬೋರ್ಡನ್ನು ಮತ್ತೆ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಸ್ಪೀಡೋಮೀಟರ್ ಕೇಬಲ್ಲಿನ ಮೂತಿಯನ್ನು ಹಿಂದಿನಿಂದ ಸಡಿಲಿಸದೆ ಬೋರ್ಡನ್ನು ಎಳೆಯಬೇಡಿ. ಆತುರದಲ್ಲಿ ಎಳೆದು ಕೇಬಲ್ ಮುರಿದುಕೊಂಡು, ವಾರವಿಡೀ ವೇಗ ಗೊತ್ತಾಗದೆ ಗಾಡಿ ಓಡಿಸಿದ ಅನುಭವ ನನಗಿದೆ. ನಡುವೆ ಫ್ಯೂಸ್ ಸುಟ್ಟರೆ ಅದೇ ಬಣ್ಣದ್ದನ್ನೇ ಹಾಕಿ. ಕೆಂಪು 10 ಆಂಪಿಯರಿನದು, ನೀಲಿ 15ರದು. ಕೆಂಪಿನ ಜಾಗಕ್ಕೆ ನೀಲಿ ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರು ಸುಡುತ್ತದೆ. ಕೆಲಸ ಮುಗಿದ ಮೇಲೆ ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಚಾರ್ಜಿಂಗ್, ಆಯಿಲ್ ದೀಪಗಳು ಎರಡೂ ಉರಿಯುತ್ತವೆಯೇ, ಹ್ಯಾಂಡ್ ಬ್ರೇಕ್ ಎಳೆದಾಗ ಅದರ ದೀಪ ಹತ್ತುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಪಿಕಪ್ಪಿನಲ್ಲಿ ಗಾಡಿ ಬಿಸಿಯಾದ ಮೇಲೆ ಎಂಜಿನ್ ಆರಿಸದೆ ನಿಲ್ಲಿಸಿದಾಗ ಆಯಿಲ್ ದೀಪ ಮಿನುಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ‘ಸೆನ್ಸರ್ ಕೆಟ್ಟಿದೆ, ಏನೂ ಆಗುವುದಿಲ್ಲ’ ಎಂದು ವೈರ್ ಕಿತ್ತುಬಿಟ್ಟರು. ಈಗ ದೀಪದ ಕಾಟವಿಲ್ಲ. ಹಾಗೆಯೇ ಬಿಡಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬಿಡಬಾರದು. ಇಂದೇ ವೈರ್ ಹಾಕಿಸಿ. ಗ್ಯಾರೇಜಿನವರು ಸೆನ್ಸರ್ ಎಂದದ್ದು ಒಂದು ಸ್ವಿಚ್ಚು. ಎಂಜಿನ್ನಿನ ಆಯಿಲ್ ಒತ್ತಡ ಕಡಿಮೆಯಾದಾಗ ಆ ಸ್ವಿಚ್ಚು ದೀಪದ ವೈರನ್ನು ಎಂಜಿನ್ನಿನ ಲೋಹಕ್ಕೆ ಸೇರಿಸಿ ದೀಪ ಹತ್ತಿಸುತ್ತದೆ. ವೈರ್ ಕಿತ್ತರೆ ಆಯಿಲ್ ಪೂರ್ತಿ ಸೋರಿಹೋದರೂ ದೀಪ ಹತ್ತದು. ಸ್ವಿಚ್ಚು ಕೆಟ್ಟಿರಲೂಬಹುದು, ಅದರ ಬೆಲೆಯೂ ಹೆಚ್ಚಲ್ಲ. ಆದರೆ ಬಿಸಿಯಾದಾಗ, ಅದೂ ಎಂಜಿನ್ ನಿಧಾನವಾಗಿ ತಿರುಗುವಾಗ ಮಾತ್ರ ಮಿನುಗುತ್ತಿತ್ತು ಎಂಬ ನಿಮ್ಮ ಮಾತು, ಆಯಿಲ್ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ ಎಂಬ ಅನುಮಾನವನ್ನೇ ಹೆಚ್ಚು ಮಾಡುತ್ತದೆ. ಮೊದಲು ಆಯಿಲ್ ಮಟ್ಟವನ್ನು ಕಡ್ಡಿಯಲ್ಲಿ ನೋಡಿ, ಬದಲಿಸುವ ಅವಧಿ ಮೀರಿದ್ದರೆ ಸರಿಯಾದ ದರ್ಜೆಯದನ್ನು ಹಾಕಿಸಿ. ಆಮೇಲೆ ಸ್ವಿಚ್ಚನ್ನು ಬಿಚ್ಚಿ, ಅದೇ ತೂತಿಗೆ ಪ್ರೆಷರ್ ಗೇಜ್ ಕೂರಿಸಿ, ಎಂಜಿನ್ ಬಿಸಿಯಾದ ಮೇಲೆ ಒತ್ತಡ ಎಷ್ಟಿದೆ ಎಂದು ಅಳೆಯಲು ಹೇಳಿ. ಗೇಜ್ ಇಲ್ಲದ ಗ್ಯಾರೇಜಿನವರು ಸೆನ್ಸರ್ ಕೆಟ್ಟಿದೆ ಎಂದದ್ದು ಊಹೆಯಷ್ಟೇ. ಅಳತೆ ಆಗುವವರೆಗೆ ಘಟ್ಟದ ಕಡೆ ಲೋಡ್ ಒಯ್ಯಬೇಡಿ.